ಪಾರ್ಕಿನ ನಿಧಿಬೇಟೆಗೆ ಡಬ್ಬಿ ಬೇಡ

ಮಾನ್ಯ ಸಂಪಾದಕರೇ,

ಬಚ್ಚಿಟ್ಟ ಡಬ್ಬಿಗಳನ್ನು ಜಿಪಿಎಸ್ ನೆರವಿನಿಂದ ಹುಡುಕುವ ಜಿಯೋಕ್ಯಾಚಿಂಗ್ ಆಟವು 2000ದಲ್ಲಿ ಅಮೆರಿಕದಲ್ಲಿ ಆರಂಭವಾಗಿ ಈಗ ಜಗತ್ತಿನೆಲ್ಲೆಡೆ ಹರಡಿದೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಂಥ ಚಾರಿತ್ರಿಕ ತಾಣಕ್ಕೆ ಈ ಆಟ ಒಪ್ಪುತ್ತದೆ. ಆದರೆ ಡಬ್ಬಿಯಿಲ್ಲದೆ, ಸ್ಥಳವನ್ನು ಗಮನಿಸಿ ಪ್ರಶ್ನೆಗೆ ಉತ್ತರಿಸುವ ರೂಪದಲ್ಲಿ ಮಾತ್ರ ಎಂಬುದು ನನ್ನ ಅಭಿಪ್ರಾಯ. ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಅವರು ಇಟ್ಟಿಗೆ, ಕಬ್ಬಿಣ, ಸಿಮೆಂಟುಗಳಿಂದ ರೂಪಿಸಿದ, 1854ರಿಂದ ಅಲ್ಲಿ ನಿಂತಿರುವ ಡೈನೊಸಾರ್ ಶಿಲ್ಪಗಳಲ್ಲಿ ಈಗಾಗಲೇ ಬಿರುಕುಗಳಿದ್ದು, ಡಬ್ಬಿಯ ಆಸೆಗೆ ಯಾರಾದರೂ ಬೇಲಿ ದಾಟಿದರೆ ಆಗುವ ಹಾನಿಯನ್ನು ಸರಿಪಡಿಸುವುದು ಸುಲಭವಲ್ಲ. ಒಳ್ಳೆಯ ಪ್ರಶ್ನೆಗಳಿಗಂತೂ ಅಲ್ಲಿ ಬರವಿಲ್ಲ. ಇಗ್ವಾನೊಡಾನ್ ಎಂಬ ಡೈನೊಸಾರಿನ ಶಿಲ್ಪದ ಮೂಗಿನ ಮೇಲೆ ಕೊಂಬೊಂದು ಕುಳಿತಿದೆ. 1878ರಲ್ಲಿ ಬೆಲ್ಜಿಯಂನ ಗಣಿಯೊಂದರಲ್ಲಿ ಈ ಪ್ರಾಣಿಯ ಅಸ್ಥಿಪಂಜರಗಳು ದೊರೆತ ಮೇಲೆ ಅದು ಹೆಬ್ಬೆರಳಿನ ಮುಳ್ಳೆಂದು ಖಚಿತವಾಯಿತು. ಅಂದಿನ ವಿಜ್ಞಾನದ ತಪ್ಪನ್ನು ಮಕ್ಕಳೇ ಪತ್ತೆಹಚ್ಚುವುದಕ್ಕಿಂತ ದೊಡ್ಡ ನಿಧಿ ಡಬ್ಬಿಯೊಳಗೆ ಸಿಗಲಾರದು (ಸಿಗುವುದು ಸಾಮಾನ್ಯವಾಗಿ ಸಹಿ ಹಾಕುವ ಕಾಗದ).

ಆ ಪಾರ್ಕಿಗೆ ಹೆಸರು ಕೊಟ್ಟ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಕಟ್ಟಡದ ಸ್ಫೂರ್ತಿಯಿಂದ ಗಾಜಿನಮನೆ ಪಡೆದ ನಮ್ಮ ಲಾಲ್‌ಬಾಗ್‌ನಲ್ಲಿ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯೂ ಇರುವುದರಿಂದ, ಇಂಥ ಡಬ್ಬಿರಹಿತ ಆಟವನ್ನು ಶಾಲಾಮಕ್ಕಳಿಗಾಗಿ ಇಲ್ಲಿಯೂ ರೂಪಿಸುವ ಬಗ್ಗೆ ತೋಟಗಾರಿಕೆ ಇಲಾಖೆ ಯೋಚಿಸಬೇಕೆಂದು ಕೋರುತ್ತೇನೆ.

– ಓದುಗ, ಬೆಂಗಳೂರು