ಸ್ಟಾಕ್‌ಹೋಮ್‌ನಿಂದ ಮಗಳಿಗೊಂದು ಪತ್ರ

ಪುಟ್ಟಿ,

ನಿಮ್ಮ ಮೇಷ್ಟ್ರು ಸ್ಟಾಕ್‌ಹೋಮ್ ಅಂದರೆ ‘ಉತ್ತರದ ವೆನಿಸ್’ ಅಂತ ಬರೆಸಿದರಂತೆ. ಪರೀಕ್ಷೆಯಲ್ಲಿ ಹಾಗೇ ಬರಿ, ಅಂಕ ಯಾಕೆ ಬಿಡಬೇಕು? ಆದರೆ ನನಗೆ ಆ ಹೆಸರು ಒಪ್ಪಿಗೆಯಾಗಲಿಲ್ಲ. ಇದು ಕಾಲುವೆಗಳ ಊರಲ್ಲ. ಗಟ್ಟಿ ಬಂಡೆಯ 14 ದ್ವೀಪಗಳು, ನಡುವೆ ಐವತ್ತಕ್ಕೂ ಹೆಚ್ಚು ಸೇತುವೆಗಳು. ಪಶ್ಚಿಮಕ್ಕೆ ಮೆಲಾರೆನ್ ಸರೋವರದ ಸಿಹಿನೀರು, ಪೂರ್ವಕ್ಕೆ ಬಾಲ್ಟಿಕ್ ಸಮುದ್ರ. ಎರಡೂ ಸೇರುವ ಬಾಯಲ್ಲೇ ಊರು ಕೂತಿದೆ. ಅದೊಂದನ್ನು ಹಿಡಿದುಕೊಂಡರೆ ಇಲ್ಲಿನ ಅರ್ಧ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೆಲಾರೆನ್ ಮೊದಲು ಸರೋವರವೇ ಆಗಿರಲಿಲ್ಲ, ಸಮುದ್ರದ ಕೊಲ್ಲಿಯಾಗಿತ್ತು. ಹಿಮಯುಗದಲ್ಲಿ ಈ ನೆಲದ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆ ಹೇರಿಕೊಂಡಿತ್ತು. ಅದು ಕರಗಿದ ಮೇಲೆ, ಮಲಗಿದ್ದವರು ಎದ್ದಾಗ ಹತ್ತಿಯ ಹಾಸಿಗೆ ಮೆಲ್ಲಗೆ ಉಬ್ಬುವ ಹಾಗೆ, ನೆಲ ಮೇಲೇಳತೊಡಗಿತು. ಈಗಲೂ ವರ್ಷಕ್ಕೆ ಸುಮಾರು ಅರ್ಧ ಸೆಂಟಿಮೀಟರ್ ಏಳುತ್ತಲೇ ಇದೆ. ಹಾಗೆ ಕೊಲ್ಲಿಯ ಬಾಯಿ ಕಿರಿದಾಗಿ ಒಳಗಿನ ನೀರು ಸಿಹಿಯಾಯಿತು. ಒಳನಾಡಿನ ಕಬ್ಬಿಣ, ತಾಮ್ರ ಹೊತ್ತ ದೋಣಿಗಳು ಈ ಕಿರಿದಾದ ದಾರಿಯಲ್ಲೇ ಹೋಗಬೇಕು. ಅದನ್ನು ಕಾಯುವವನ ಕೈಯಲ್ಲಿ ವ್ಯಾಪಾರ. ಊರಿನ ಹೆಸರು ಬರಹದಲ್ಲಿ ಸಿಗುವುದು 1252ರಿಂದ. ಬಿರ್ಯೆರ್ ಯಾರ್ಲ್ ಎಂಬ ಧಣಿ ಕಟ್ಟಿಸಿದ ಅಂತ ಹೇಳುತ್ತಾರೆ.

ಸರೋವರ ಸಮುದ್ರಕ್ಕಿಂತ ಸುಮಾರು 70 ಸೆಂಟಿಮೀಟರ್ ಎತ್ತರ. ನಿನ್ನ ಅಜ್ಜಿ ಲೆಕ್ಕದಲ್ಲಿ ಒಂದೂವರೆ ಮೊಳ! ಹಮ್ಮರ್‌ಬಿ ಎಂಬಲ್ಲಿ, ಎರಡು ಗೇಟುಗಳ ನಡುವಿನ ನೀರಿನ ತೊಟ್ಟಿಯಲ್ಲಿ, ದೋಣಿ ಸಮುದ್ರದ ಮಟ್ಟಕ್ಕೆ ಇಳಿಯುವುದನ್ನು ನಿಂತು ನೋಡಿದೆ. ದೋಣಿ ಒಳಗೆ ಬಂತು, ಹಿಂದಿನ ಗೇಟು ಮುಚ್ಚಿತು, ನೀರು ಇಳಿಯಿತು, ಗೋಡೆಯ ಮೇಲೆ ಒದ್ದೆ ಗೆರೆ ಉಳಿಯಿತು, ಮುಂದಿನ ಗೇಟು ತೆರೆಯಿತು. ಅಷ್ಟೇ. ಆದರೆ ಊರಿನ ಕುಡಿಯುವ ನೀರು ಬರುವುದು ಇದೇ ಮೆಲಾರೆನ್‌ನಿಂದ. ಸಮುದ್ರ ಏರಿ ಉಪ್ಪುನೀರು ಒಳನುಗ್ಗಿದರೆ ಕಥೆ ಮುಗಿಯಿತು. ಅದಕ್ಕೇ ಹಳೇ ಊರಿನ ಪಕ್ಕದ ಸ್ಲೂಸೆನ್ ಎಂಬ ಇಂಥದ್ದೇ ಗೇಟಿನ ಕಟ್ಟೆಯನ್ನು 2016ರಿಂದ ಕೆಡವಿ ಕಟ್ಟುವ ಕೆಲಸ ಹಿಡಿದರು. ಸರೋವರ ತುಂಬಿ ಬಂದಾಗ ಹೆಚ್ಚುನೀರು ಬೇಗ ಹೊರಹಾಕುವುದಕ್ಕೂ ಅದೇ ದಾರಿ.

ಇನ್ನು ವಾಸಾ ಹಡಗು. 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟಿತು. 64 ಫಿರಂಗಿ, ಮೇಲ್ಭಾರ ಜಾಸ್ತಿ, ಅಡಿ ಅಗಲ ಸಾಲದು. 1300 ಮೀಟರ್ ಹೋಗಿತ್ತೋ ಇಲ್ಲವೋ, ಗಾಳಿ ಬೀಸಿ ವಾಲಿತು, ಕೆಳಸಾಲಿನ ಫಿರಂಗಿ ಕಿಂಡಿಗಳಲ್ಲಿ ನೀರು ನುಗ್ಗಿತು. ರಾಜನ ಹಡಗು ಊರವರ ಕಣ್ಣೆದುರೇ ಮುಳುಗಿತು! 1961ರಲ್ಲಿ ಎತ್ತಿದಾಗ ಮರ ಬಹುಪಾಲು ಹಾಗೇ ಇತ್ತು. ಬಾಲ್ಟಿಕ್‌ನಲ್ಲಿ ಉಪ್ಪು ಕಡಿಮೆ. ಸಮುದ್ರದಲ್ಲಿ ಮರ ಕೊರೆದು ತಿನ್ನುವ ಹುಳು ಅಲ್ಲಿ ಬದುಕುವುದಿಲ್ಲ. ಮ್ಯೂಸಿಯಮ್ಮಿನ ಮಬ್ಬು ಬೆಳಕಿನಲ್ಲಿ ಅದರ ಹಿಂಬದಿಯ ಸಿಂಹ, ಸೈನಿಕರ ಕೆತ್ತನೆ ನೋಡುತ್ತಾ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ನೊಬೆಲ್ ಬಗ್ಗೆ ಕೇಳಿದ್ದೆಯಲ್ಲ. ಸಿ. ವಿ. ರಾಮನ್ ಬೆಂಗಳೂರಿಗೆ ಬರುವ ಮೂರು ವರ್ಷ ಮೊದಲು, 1930ರಲ್ಲಿ, ಬಹುಮಾನ ತೆಗೆದುಕೊಂಡದ್ದು ಇದೇ ಊರಿನಲ್ಲಿ. ಈಗ ಔತಣ ನಡೆಯುವುದು ನೀರಿನಂಚಿನ ನಗರಸಭಾ ಭವನದ ‘ನೀಲಿ ಸಭಾಂಗಣ’ದಲ್ಲಿ. ಒಳಗೆ ಬರೀ ಕೆಂಪು ಇಟ್ಟಿಗೆ, ನೀಲಿ ಬಣ್ಣ ಬಳಿದೇ ಇಲ್ಲ! ಇಟ್ಟಿಗೆ ಚೆನ್ನಾಗಿ ಕಂಡಿತೆಂದು ವಾಸ್ತುಶಿಲ್ಪಿ ಮನಸ್ಸು ಬದಲಿಸಿದನಂತೆ, ಹೆಸರು ಮಾತ್ರ ಉಳಿಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅರಮನೆಯ ಹತ್ತಿರದ ಸೇತುವೆ. ಸರೋವರದ ನೀರು ಅಲ್ಲಿ ಭರ್ರನೆ ಸಮುದ್ರಕ್ಕೆ ಇಳಿಯುತ್ತದೆ. ಒಂದು ಕಡೆ ಪಾರ್ಲಿಮೆಂಟು, ಒಂದು ಕಡೆ ಅರಮನೆ, ನಡುವೆ ಜನ ಗಾಳ ಹಾಕಿ ಸಾಲ್ಮನ್ ಹಿಡಿಯುತ್ತಾ ನಿಂತಿರುತ್ತಾರೆ. ರಾಜಧಾನಿಯ ನಟ್ಟನಡುವೆ ತಿನ್ನಬಹುದಾದ ಮೀನು! ನಮ್ಮ ಬೆಳ್ಳಂದೂರು ಕೆರೆ ನೆನಪಾಗಿ ಹೊಟ್ಟೆ ಉರಿಯಿತು.

ನೀನು ಮೇ ರಜೆಗೇ ಬಾ. ಆಗ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಾದರೆ ಮಧ್ಯಾಹ್ನ ಮೂರಕ್ಕೇ ಕತ್ತಲು. ಸ್ವೆಟರ್ ಮರೆಯಬೇಡ. ಅಜ್ಜಿಯ ಹತ್ತಿರ ಚಟ್ನಿಪುಡಿ ಮಾಡಿಸಿಕೊಂಡು ಬಾ. ಇಲ್ಲಿ ಹೆರಿಂಗ್ ಮೀನನ್ನು ವಿನೆಗರ್, ಸಕ್ಕರೆ ಹಾಕಿ ಉಪ್ಪಿನಕಾಯಿ ಮಾಡುತ್ತಾರೆ, ನಿನಗಂತೂ ಅದು ಸೇರುವುದಿಲ್ಲ.

ನಿನ್ನ
ಅಮ್ಮ