ನ್ಯಾಯಪೀಠ ಏರಲಿರುವ ಮಗಳಿಗೆ

ಕರ್ತನಲ್ಲಿ ಪ್ರಿಯಳಾದ ಸುಕನ್ಯಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನ್ಯಾಯಾಂಗ ಅಕಾಡೆಮಿಯ ತರಬೇತಿ ಮುಗಿಯುತ್ತಾ ಬಂದಿದೆ, ಇನ್ನು ಯಾವುದಾದರೂ ತಾಲ್ಲೂಕು ನ್ಯಾಯಾಲಯಕ್ಕೆ ಸಿವಿಲ್ ನ್ಯಾಯಾಧೀಶೆಯಾಗಿ ಹೋಗಬೇಕು ಎಂದು ಬರೆದಿದ್ದೀಯೆ. ಸಂಡೇ ಸ್ಕೂಲಿನಲ್ಲಿ ಬಡವರ ಮೇಲೆ ಕನಿಕರವಿಡಲು ಕಲಿತ ಮನಸ್ಸು ಪೀಠದ ಮೇಲೆ ಕುಳಿತಾಗ ಯಾವ ಕಡೆ ವಾಲಬೇಕು ಎಂದೂ ಕೇಳಿದ್ದೀಯೆ. ನಾನು ಕಾನೂನು ಪಂಡಿತನಲ್ಲ. ಜಿಲ್ಲಾ ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ಕಂಡದ್ದನ್ನೂ ದೇವರ ವಾಕ್ಯದಲ್ಲಿ ಓದಿದ್ದನ್ನೂ ಜೊತೆಗಿಟ್ಟು ಉತ್ತರಿಸುತ್ತೇನೆ.

ಮೊದಲು ಬೈಬಲಿನ ವಿಮೋಚನಕಾಂಡದ 23ನೆಯ ಅಧ್ಯಾಯವನ್ನು ನಿಧಾನವಾಗಿ ಓದು. ವ್ಯಾಜ್ಯದಲ್ಲಿ ಬಡವನ ಪಕ್ಷ ವಹಿಸಬಾರದೆಂದು 3ನೆಯ ವಚನ ಹೇಳಿದರೆ, ಅವನ ನ್ಯಾಯವನ್ನು ಕೆಡಿಸಬಾರದೆಂದು 6ನೆಯ ವಚನ ಹೇಳುತ್ತದೆ. ಇವೆರಡರ ನಡುವೆ ಇರುವುದು ನ್ಯಾಯಾಲಯಕ್ಕೆ ಸಂಬಂಧವೇ ಇಲ್ಲದಂತೆ ತೋರುವ ಒಂದು ಆಜ್ಞೆ: ನಿನ್ನ ವೈರಿಯ ಎತ್ತಾಗಲಿ ಕತ್ತೆಯಾಗಲಿ ತಪ್ಪಿಸಿಕೊಂಡು ಅಲೆಯುವುದನ್ನು ಕಂಡರೆ ಅದನ್ನು ಹೊಡೆದುಕೊಂಡು ಹೋಗಿ ಅವನಿಗೆ ಒಪ್ಪಿಸಬೇಕು. ಇದು ಅಲ್ಲಿ ಸುಮ್ಮನೆ ಬಂದು ಸೇರಿದ್ದಲ್ಲ ಎಂದು ನನ್ನ ನಂಬಿಕೆ. ನಮಗೆ ಹಿಡಿಸದವನಿಗೂ ಅವನದ್ದನ್ನು ಅವನಿಗೆ ಕೊಡುವ ಅಭ್ಯಾಸ ಬೀದಿಯಲ್ಲಿ ಆಗದಿದ್ದರೆ ಪೀಠದ ಮೇಲೂ ಆಗುವುದಿಲ್ಲ. ಬಡವನ ಮುಖ ನೋಡಬಾರದು, ದೊಡ್ಡವನಿಗೆ ಮಾನ ಕೊಡಬಾರದು ಎಂಬ ಎರಡನ್ನೂ ಯಾಜಕಕಾಂಡ 19:15 ಒಂದೇ ಉಸಿರಿನಲ್ಲಿ ಹೇಳುತ್ತದೆ. ಆದ್ದರಿಂದ ಬಡತನವನ್ನು ನೋಡಿ ತೀರ್ಪನ್ನು ವಾಲಿಸುವುದು ಕ್ರೈಸ್ತ ಕನಿಕರವಲ್ಲ.

ಹಾಗಾದರೆ ಕನಿಕರಕ್ಕೆ ಎಲ್ಲಿ ಜಾಗವೆಂದರೆ, ತೀರ್ಪಿಗೆ ಮುಂಚಿನ ಪ್ರತಿಯೊಂದು ಹೆಜ್ಜೆಯಲ್ಲಿದೆ. ವಕೀಲರಿಲ್ಲದೆ ನಿಂತ ಹೆಂಗಸಿಗೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಬಂಧನದಲ್ಲಿರುವವರಿಗೂ ಉಚಿತ ಕಾನೂನು ನೆರವು ಇದೆಯೆಂದು ನೀನೇ ತಿಳಿಸಬಹುದು. ಆಕೆಗೆ ಅರ್ಥವಾಗುವ ಕನ್ನಡದಲ್ಲಿ ಮಾತನಾಡಬಹುದು. ದೂರದ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬಂದ ಸಾಕ್ಷಿಯನ್ನು, ಬರಿಯ ವಾಯಿದೆ ಕೊಟ್ಟು ಕಳಿಸದೆ, ಅಂದೇ ವಿಚಾರಿಸಬಹುದು.

ನಾಬೋತನ ಪ್ರಕರಣ ನಿನಗೆ ಗೊತ್ತು. ಅರಸುಗಳು ಮೊದಲನೆಯ ಭಾಗದ 21ನೆಯ ಅಧ್ಯಾಯ. ಈಗ ಅದನ್ನು ನ್ಯಾಯಾಲಯದ ಕಡತವೆಂದು ಭಾವಿಸಿ ಇನ್ನೊಮ್ಮೆ ಓದು. ಅರಸ ಅಹಾಬನು ನಾಬೋತನ ದ್ರಾಕ್ಷಿತೋಟವನ್ನು ಕೇಳಿದ. ಅದು ಪಿತೃಗಳ ಸ್ವಾಸ್ತ್ಯ, ಅಂದರೆ ಪಿತ್ರಾರ್ಜಿತ ಆಸ್ತಿ, ಕೊಡಲಾರೆ ಎಂದು ನಾಬೋತ ಹೇಳಿದ. ಆಮೇಲೆ ಅಹಾಬನ ರಾಣಿ ಈಜೆಬೆಲಳು ಮಾಡಿದ್ದರಲ್ಲಿ ಕಾನೂನಿನ ರೂಪಕ್ಕೆ ಕೊರತೆಯೇ ಇಲ್ಲ. ಅರಸನ ಹೆಸರಿನ ಪತ್ರ, ಅದಕ್ಕೆ ಮುದ್ರೆ, ಉಪವಾಸದ ಘೋಷಣೆ, ಊರ ಹಿರಿಯರ ಸಭೆ, ದೇವರನ್ನೂ ಅರಸನನ್ನೂ ಶಪಿಸಿದನೆಂಬ ದೋಷಾರೋಪ, ಮೋಶೆಯ ಧರ್ಮಶಾಸ್ತ್ರ ಕೇಳುವಂತೆ ಸರಿಯಾಗಿ ಇಬ್ಬರು ಸಾಕ್ಷಿಗಳು. ಕಲ್ಲೆಸೆದು ಕೊಲ್ಲುವ ಶಿಕ್ಷೆಯನ್ನು ಕೂಡ ನಿಯಮದಂತೆ ಊರ ಹೊರಗೇ ಜಾರಿ ಮಾಡಿದರು. ಇಷ್ಟೆಲ್ಲದರ ನಡುವೆ ಯಾರೂ ನಾಬೋತನನ್ನು ಒಂದು ಮಾತು ಕೇಳಿದ್ದು ಅಲ್ಲಿ ಬರೆದಿಲ್ಲ, ಸಾಕ್ಷಿಗಳನ್ನು ಒಬ್ಬರಾದರೂ ಪ್ರಶ್ನಿಸಿದ್ದೂ ಇಲ್ಲ. ನ್ಯಾಯಾಧಿಪತಿಗಳು ಚೆನ್ನಾಗಿ ವಿಚಾರಣೆ ಮಾಡಬೇಕೆಂದು ಧರ್ಮೋಪದೇಶಕಾಂಡ 19:18 ಹೇಳುತ್ತದೆ. ಸಾಕ್ಷಿಗಳ ಲೆಕ್ಕವನ್ನು ಪಾಲಿಸಿದವರು ಆ ಮಾತನ್ನು ಬಿಟ್ಟರು. ಪ್ರಸಂಗಗಳಲ್ಲಿ ಈಜೆಬೆಲಳ ಪಾಪವನ್ನು ಬಹಳ ಕೇಳಿದ್ದೇವೆ. ನನ್ನನ್ನು ಹೆಚ್ಚು ಕಾಡುವವರು ಆ ಇಜ್ರೇಲಿನ ಹಿರಿಯರು. ಅವರು ನಾಬೋತನ ಊರಿನವರೇ, ಅವನನ್ನು ಬಲ್ಲವರೇ. ಮೇಲಿನಿಂದ ಪತ್ರ ಬಂತೆಂದು ಬರೆದಂತೆಯೇ ನಡೆಸಿಬಿಟ್ಟರು.

ಇದರ ಪಕ್ಕದಲ್ಲಿ ಸುಸನ್ನಳ ಕಥೆಯನ್ನು ಇಟ್ಟು ನೋಡು. ಅದು ಕಥೋಲಿಕರ ಬೈಬಲಿನಲ್ಲಿ ದಾನಿಯೇಲನ 13ನೆಯ ಅಧ್ಯಾಯವಾಗಿದೆ; ನಮ್ಮ ಪ್ರೊಟೆಸ್ಟಂಟ್ ಬೈಬಲಿನಲ್ಲಿ ಇಲ್ಲದಿದ್ದರೂ ನ್ಯಾಯಾಧೀಶೆಯಾದವಳು ಓದತಕ್ಕದ್ದು. ಸುಸನ್ನಳು ವ್ಯಭಿಚಾರ ಮಾಡಿದಳೆಂದು ಸುಳ್ಳು ಹೇಳಿದ ಇಬ್ಬರು ಹಿರಿಯರನ್ನು ದಾನಿಯೇಲನು ಬೇರೆಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳುತ್ತಾನೆ. ಇಬ್ಬರೂ ಬೇರೆ ಬೇರೆ ಮರದ ಹೆಸರು ಹೇಳುತ್ತಾರೆ. ಒಂದು ಪಾಟೀ ಸವಾಲು ಒಂದು ಜೀವವನ್ನು ಉಳಿಸಿತು. ಪಾಟೀ ಸವಾಲು ಉದ್ದವಾಯಿತೆಂದು ಬೇಸರ ಬಂದ ದಿನ, ಆ ಪ್ರಶ್ನೆಗಳು ಯಾರ ರಕ್ಷಣೆಗೆ ಇವೆ ಎಂಬುದನ್ನು ನೆನೆ.

ಇನ್ನೊಂದು ಪಕ್ಷದ ಮಾತು ಕೇಳುವುದರ ವಿಷಯದಲ್ಲಿ ಹೊಸ ಒಡಂಬಡಿಕೆ ಬಹಳ ಸ್ಪಷ್ಟವಾಗಿದೆ. ಒಬ್ಬನ ಮಾತನ್ನು ಮೊದಲು ಕೇಳದೆ ನಮ್ಮ ಧರ್ಮಶಾಸ್ತ್ರವು ಅವನಿಗೆ ತೀರ್ಪು ಮಾಡುವುದುಂಟೇ ಎಂದು ಯೆಹೂದ್ಯರ ಅಧಿಕಾರಿಗಳಲ್ಲೊಬ್ಬನಾದ ನಿಕೊದೇಮನು ಯೇಸುವಿನ ವಿಷಯದಲ್ಲಿ ಯೋಹಾನ 7:51ರಲ್ಲಿ ಕೇಳಿದಾಗ, ಜೊತೆಯ ಅಧಿಕಾರಿಗಳು ಅವನನ್ನೇ ಗದರಿಸಿದರು. ಆರೋಪಿಯು ವಾದಿಗಳಿಗೆ ಮುಖಾಮುಖಿಯಾಗಿ ನಿಂತು ಪ್ರತಿವಾದ ಮಾಡುವ ಅವಕಾಶ ಸಿಗುವವರೆಗೆ ಅವನನ್ನು ಒಪ್ಪಿಸಿಬಿಡುವುದು ರೋಮ್‌ನವರ ಪದ್ಧತಿಯಲ್ಲ ಎಂದು ಅಪೊಸ್ತಲರ ಕೃತ್ಯಗಳು 25:16ರಲ್ಲಿ ಹೇಳಿದವನು ಫೆಸ್ತ. ಅವನು ನಮ್ಮ ವಿಶ್ವಾಸದವನಲ್ಲ, ರೋಮ್‌ನ ಅಧಿಕಾರಿ. ಆದ್ದರಿಂದ ಪ್ರತಿವಾದಿ ಇಲ್ಲದಾಗ ಏಕಪಕ್ಷೀಯ ತಡೆಯಾಜ್ಞೆ ಕೇಳಿ ಬಂದ ಅರ್ಜಿಯನ್ನು ಎರಡು ಬಾರಿ ಓದು, ಕೊಡಲೇಬೇಕಾದರೆ ಕಾರಣವನ್ನು ಬರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೆಯ ಆದೇಶದ 3ನೆಯ ನಿಯಮ ಬಯಸುವುದೂ ಅದನ್ನೇ. ಹಾಗೆಯೇ ಚರ್ಚಿನ ಅಂಗಳದಲ್ಲಿ, ಮದುವೆ ಮನೆಯಲ್ಲಿ ಕಿವಿಗೆ ಬಿದ್ದ ಮಾತು ಸತ್ಯವೇ ಆಗಿದ್ದರೂ ಕಡತಕ್ಕೆ ಬಾರದಿರಲಿ. ನ್ಯಾಯಾಧೀಶನು ತನ್ನ ಖಾಸಗಿ ಅರಿವಿನ ಮೇಲಲ್ಲ, ಮುಂದೆ ಬಂದ ಸಾಕ್ಷ್ಯದ ಮೇಲೆ ತೀರ್ಪು ಕೊಡಬೇಕೆಂದು 13ನೆಯ ಶತಮಾನದಲ್ಲೇ ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ವಾದಿಸಿದ್ದರು.

ತಡವನ್ನು ಕುರಿತು ಒಂದು ಮಾತು. ಲೂಕ 18ರ ಅನ್ಯಾಯಗಾರನಾದ ನ್ಯಾಯಾಧಿಪತಿಯು ನ್ಯಾಯ ಕೇಳಿ ಬಂದ ವಿಧವೆಯ ವಿರುದ್ಧ ತೀರ್ಪು ಕೊಟ್ಟವನಲ್ಲ, ಬಹು ಕಾಲ ತೀರ್ಪನ್ನೇ ಕೊಡದವನು. ರೋಮ್‌ನ ದೇಶಾಧಿಪತಿ ಫೆಲಿಕ್ಸನೂ ಅಂಥವನೇ: ಲಂಚದ ಆಸೆಯಿಂದ ಸೆರೆಯಲ್ಲಿದ್ದ ಅಪೊಸ್ತಲ ಪೌಲನನ್ನು ಮತ್ತೆಮತ್ತೆ ಕರೆಸಿ ಮಾತನಾಡಿಸುತ್ತಿದ್ದನೇ ಹೊರತು ಏನನ್ನೂ ತೀರ್ಮಾನಿಸಲಿಲ್ಲ, ಎರಡು ವರ್ಷ ಕಳೆದು ಹುದ್ದೆ ಬಿಟ್ಟು ಹೋಗುವಾಗಲೂ ಪೌಲ ಸೆರೆಯಲ್ಲೇ ಇದ್ದ. ನಿನ್ನ ಮುಂದೆ ಹಾಜರಾಗುವ ವಿಚಾರಣಾಧೀನ ಕೈದಿಗಳ ವಿಷಯದಲ್ಲಿ ಎಚ್ಚರವಿರಲಿ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಮರಣದಂಡನೆಗೂ ಜೀವಾವಧಿ ಶಿಕ್ಷೆಗೂ ಒಳಪಡದ ಅಪರಾಧದಲ್ಲಿ, ಹಿಂದೆ ಎಂದೂ ಶಿಕ್ಷೆಯಾಗದ, ಬೇರೆ ಪ್ರಕರಣ ಬಾಕಿಯಿಲ್ಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಸೆರೆಯಲ್ಲಿ ಕಳೆದಿದ್ದರೆ ಅವನನ್ನು ಬಾಂಡ್ ಮೇಲೆ ಬಿಡುಗಡೆ ಮಾಡಬೇಕು. ಜೈಲಿನಿಂದ ಅರ್ಜಿ ಬರಲೆಂದು ಕಾಯದೆ ನೀನೇ ಪಟ್ಟಿ ತರಿಸಿ ನೋಡು.

ನಮ್ಮ ಸಭೆಗಳಲ್ಲಿ ತಪ್ಪಾಗಿ ಬಳಕೆಯಾಗುವ ಒಂದು ಬೋಧನೆಯನ್ನೂ ಹೇಳಬೇಕು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುವುದೇಕೆ, ಅನ್ಯಾಯವನ್ನೇ ಸಹಿಸಬಾರದೇ ಎಂದು ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 6ನೆಯ ಅಧ್ಯಾಯದಲ್ಲಿ ಕೇಳುತ್ತಾನೆ. ಪಾಲು ಕೇಳಿದ ತಂಗಿಗೂ ಏಟು ತಿಂದ ಹೆಂಡತಿಗೂ ಈ ವಚನವನ್ನು ಓದಿ ಬಾಯಿ ಮುಚ್ಚಿಸುವವರನ್ನು ನಾನು ನೋಡಿದ್ದೇನೆ. ಆದರೆ ಪೌಲ ಅದನ್ನು ಬರೆದದ್ದು ಸಹೋದರರನ್ನೇ ವಂಚಿಸುತ್ತಿದ್ದವರನ್ನು ನಾಚಿಸುವುದಕ್ಕೆ. ಅವನೇ ಕೊರಡೆಯ ಏಟಿನ ಮುಂದೆ ತನ್ನ ರೋಮ್ ಪೌರತ್ವವನ್ನು ಹೇಳಿಕೊಂಡವನು, ಕೈಸರನಿಗೆ ಮನವಿ ಮಾಡಿಕೊಂಡವನು. ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಸ್ವಾಸ್ತ್ಯವನ್ನು ಕೇಳಿದಾಗ, ಅವರು ಹೇಳುವುದು ನ್ಯಾಯವೆಂದು ದೇವರೇ ಉತ್ತರಿಸಿದ್ದು ಅರಣ್ಯಕಾಂಡ 27ರಲ್ಲಿದೆ. ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೂ ಉಯಿಲು ಇಲ್ಲದ ಆಸ್ತಿಯಲ್ಲಿ ಮಗ, ಮಗಳು ಎಂಬ ಭೇದ ಮಾಡುವುದಿಲ್ಲ. ಹೀಗಿದ್ದೂ ಹಕ್ಕು ಖುಲಾಸೆ ಪತ್ರಕ್ಕೆ ಅಕ್ಕತಂಗಿಯರಿಂದ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿ ಅರ್ಜಿ ನಿನ್ನ ಮೇಜಿಗೆ ಬಂದಾಗ, ಸಹಿ ಇದೆಯೇ ಎಂದಷ್ಟೇ ನೋಡದೆ, ಸಹಿ ಹಾಕಿದವಳನ್ನು ಹತ್ತಿರ ಕರೆದು ಇದರಲ್ಲಿ ಏನು ಬರೆದಿದೆ ಎಂದು ಕೇಳು.

ಉಡುಗೊರೆಗಳ ವಿಷಯ ನಿನಗೆ ಹೇಳಬೇಕಾಗಿಲ್ಲ. ಕ್ರಿಸ್ಮಸ್ಸಿಗೆ ವಕೀಲರಿಂದ ಕೇಕ್ ಬಂದರೂ ಹಿಂದಕ್ಕೆ ಕಳಿಸು.

ನಮ್ಮ ಸಭೆಯ ಜಮೀನಿನ ವ್ಯಾಜ್ಯಗಳು ನಿನಗೆ ಗೊತ್ತೇ ಇವೆ. ಅಂಥ ಕಡತ ಎಂದಾದರೂ ನಿನ್ನ ನ್ಯಾಯಾಲಯಕ್ಕೆ ಬಂದರೆ, ನಾನು ನ್ಯಾಯವಾಗಿಯೇ ತೀರ್ಮಾನಿಸಬಲ್ಲೆ ಎಂಬ ಧೈರ್ಯದಿಂದ ಅದನ್ನು ಇಟ್ಟುಕೊಳ್ಳಬೇಡ. ಎದುರು ಪಕ್ಷದವನಿಗೆ ನಿನ್ನ ಮನಸ್ಸು ಕಾಣುವುದಿಲ್ಲ, ನಿನ್ನ ಮನೆತನ ಕಾಣುತ್ತದೆ. ಮೊದಲ ದಿನವೇ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಕಾರಣ ತಿಳಿಸಿ ಬರೆದು, ಬೇರೆ ನ್ಯಾಯಾಲಯಕ್ಕೆ ವರ್ಗಾಯಿಸುವಂತೆ ಕೋರು. ಸಭೆಯ ಹಿರಿಯರು ಏನೆಂದುಕೊಳ್ಳುತ್ತಾರೋ ಎಂಬ ಚಿಂತೆಯನ್ನು ನನಗೆ ಬಿಡು. ಅವರೊಂದಿಗೆ ನಾನು ಮಾತನಾಡುತ್ತೇನೆ.

ಇತಿ ನಿನ್ನ ಹಿತವನ್ನು ಬಯಸುವ,
ದೊಡ್ಡಪ್ಪ