ಘಾಟಿಯ ತಿರುವಲ್ಲಿ ಗಾಡಿ ನಿಲ್ಲಿಸಬೇಡ್ರಿ

ಮಾನ್ಯ ಸಂಪಾದಕರೇ,

ನನಗೆ ಎತ್ತರ ಅಂದ್ರೆ ಭಯ. ಚಿತ್ರದುರ್ಗದ ಕೋಟೆಗೆ ಹೋಗಿ, ಓಬವ್ವನ ಕಿಂಡಿ ನೋಡಿ, ಬುರುಜು ಹತ್ತದೆ ವಾಪಸ್ ಬಂದವನು ನಾನು. ಆದರೆ ಮಗಳು ಮಣಿಪಾಲದಲ್ಲಿ ಓದುತ್ತಾಳೆ. ಹಾಗಾಗಿ ಎರಡು ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿಯಲೇಬೇಕು.

ದಾವಣಗೆರೆ ಬಿಟ್ಟು ತೀರ್ಥಹಳ್ಳಿ ದಾಟುವವರೆಗೆ ಆರಾಮ. ಆಗುಂಬೆ ಬಂತೋ, ಅಂಗೈ ಬೆವರುತ್ತದೆ. ಸ್ಟೀರಿಂಗ್ ಜಾರಬಾರದು ಅಂತ ತೊಡೆ ಮೇಲೆ ಟವೆಲ್ ಇಟ್ಟುಕೊಂಡಿರುತ್ತೇನೆ. 14 ಹೇರ್‌ಪಿನ್ ತಿರುವು. ಎರಡನೇ ಗೇರಿಗೆ ಹಾಕಿ, ಬ್ರೇಕ್ ಮೇಲೆ ಸುಮ್ನೆ ಕಾಲಿಟ್ಟು ಕೂರದೆ, ಮುಂದಿನ ಡಾಂಬರನ್ನಷ್ಟೇ ನೋಡುತ್ತಾ ಇಳಿಯುತ್ತೇನೆ. ‘ಮೋಡ ಎಷ್ಟು ಚೆಂದ ಐತೆ ನೋಡ್ರಿ’ ಅಂತಾಳೆ ಹೆಂಡತಿ. ಇವತ್ತಿನವರೆಗೂ ನಾನು ನೋಡಿಲ್ಲ.

ಭಯ ನನ್ನದು, ಅದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ಕಳೆದ ತಿಂಗಳು ಒಂದು ತಿರುವಿನಲ್ಲೇ ಕಾರು ನಿಲ್ಲಿಸಿಕೊಂಡು ನಾಲ್ಕು ಜನ ಮಂಗಗಳಿಗೆ ಚಿಪ್ಸ್ ಹಾಕುತ್ತಿದ್ದರು, ಇನ್ನೊಬ್ಬ ಸೆಲ್ಫಿ. ಅವರನ್ನು ದಾಟಲು ನಾನು ಕಣಿವೆ ಅಂಚಿಗೇ ಸರಿಯಬೇಕಾಯಿತು. ಹಿಂದಿನವನದು ಒಂದೇ ಸಮ ಹಾರ್ನ್. ಕೆಳಗೆ ಬಂದು ಸೋಮೇಶ್ವರದಲ್ಲಿ ಟೀ ಕುಡಿದರೂ ಕೈನಡುಕ ನಿಂತಿರಲಿಲ್ಲ.

ಕಡಿದಾದ ದಾರಿ ಕಿರಿದಾಗಿದ್ದರೆ, ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅಂತ ನಿಯಮವೇ ಇದೆ. ಎಷ್ಟು ಜನಕ್ಕೆ ಗೊತ್ತು? ತಿರುವುಗಳಲ್ಲಿ ಗಾಡಿ ನಿಲ್ಲಿಸಿದವರಿಗೆ ಸಂಬಂಧಪಟ್ಟವರು ದಂಡ ಹಾಕಲಿ, ಶನಿವಾರ, ಭಾನುವಾರವಾದರೂ ಒಬ್ಬ ಪೊಲೀಸರನ್ನು ಅಲ್ಲಿ ನಿಲ್ಲಿಸಲಿ. ಮುಂದಿನ ತಿಂಗಳು ಮತ್ತೆ ಹೋಗಬೇಕು.

– ಎಂಸಿಸಿ ‘ಬಿ’ ಬ್ಲಾಕ್ ನಿವಾಸಿ, ದಾವಣಗೆರೆ